ಏಳನೆಯ ಕ್ಯಾಸೆಟ್ಟಿನ ಗದ್ದಲ

ಮಗಳಿಗೆ ಅಪ್ಪನ ಸವಿನಯ ಅರಿಕೆ.

ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತ "ಅಮ್ಮನ ಹಾಡೆಲ್ಲಿ ಅಪ್ಪಾ?" ಎಂದು ನೀನು ಕೇಳಿದ್ದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಏಳನೆಯ ಕ್ಯಾಸೆಟ್ಟಿನಲ್ಲಿ ಅವಳ ಹಾಡುಗಳಿದ್ದವು. ಜನರಿಗೆ ಬರೆದುಕೊಡುತ್ತಿದ್ದ ಅರ್ಜಿಗಳ ಭಾಷೆಯ ಓಟವನ್ನು ಕೇಳಿ ತಿದ್ದಲೆಂದು, ಆ ಹಾಡುಗಳ ಮೇಲೆಯೇ ನನ್ನ ಓದನ್ನು ಧ್ವನಿಮುದ್ರಿಸಿದವನು ನಾನು. ಆಗಾಗ ಅವಳು ಬಾಗಿಲಲ್ಲಿ ನಿಂತು, "ಸಾಹೇಬರಿಗೆ ಇನ್ನೆಷ್ಟು ಸಲ ಕೈ ಮುಗೀತೀರಿ? ನನಗೂ ಒಂದ್ಸಲ ಮುಗಿದು ಊಟಕ್ಕೆ ಬನ್ನಿ" ಎನ್ನುವುದು ಅದರಲ್ಲಿ ಸೇರಿಹೋಗಿದೆ. ಅವಳ ದನಿ ನಮಗೆ ಉಳಿದಿರುವುದು ಅಷ್ಟೇ.

ನಡುವಿನ ಗದ್ದಲವನ್ನು ನೀನು ಅಳಿಸಿ ನನ್ನ ಓದನ್ನು ಸ್ವಚ್ಛಗೊಳಿಸುವೆನೆಂದು ಹೇಳಿರುವೆ. ಅರ್ಜಿಗಳನ್ನು ಬೇಕಾದರೆ ತೆಗೆದುಹಾಕಿ, ಆ ಗದ್ದಲವನ್ನು ಯಥಾವತ್ತಾಗಿ ಉಳಿಸಿಕೊಡಬೇಕೆಂದು ಪ್ರಾರ್ಥನೆ. ಅವಳು ಕರೆದ ಪ್ರತಿಸಲವೂ ನಾನು "ಬಂದೆ" ಎಂದಿರುವುದು ಕೇಳಿಸುತ್ತದೆ. ಕುರ್ಚಿ ಸರಿಸಿ ಎದ್ದ ಸದ್ದು ಎಲ್ಲಿಯಾದರೂ ಇದ್ದರೆ, ದಯಮಾಡಿ ಹುಡುಕಿ ತಿಳಿಸುವುದು.

ಅರಿಕೆದಾರ,
ನಿನ್ನ ಅಪ್ಪ