ಹೊಳೆಯುವ ತಂತಿ

ಡಿಸೆಂಬರ್ ೧೨, ಶುಕ್ರವಾರ. ಇಳಕಲ್

ಆ ವಿದ್ಯುತ್ಕಾಂತ ನನ್ನದು. ಮನೆಯ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತುವ ಈ ಕೈಯಿಂದಲೇ ಮೊಳೆಗೆ ಇನ್ನೂರು ಸುತ್ತು ತಾಮ್ರದ ತಂತಿ ಸುತ್ತಿದ್ದೆ. ವಿಜ್ಞಾನದ ಸರ್ ಅದರ ಮೇಲೆ ನಮ್ಮ ತರಗತಿಯ ರಾಜಕುಮಾರನ ಹೆಸರು ಬರೆದರು. "ಮಹಾನಂದಾ, ನೀ ಹುಡುಗಿ, ಪ್ರದರ್ಶನಕ್ಕಂತ ಬಾಗಲಕೋಟಿಗೆ ಹೆಂಗ ಹೋಗ್ತಿ? ಅಂವಾ ಹೋಗ್ಲಿ ಬಿಡು."

ಇವತ್ತು ಅವನು ತಂತಿಯನ್ನೆಲ್ಲ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಮತ್ತೆ ಸುತ್ತಿದ. "ನೋಡ, ಈಗ ಹೆಂಗ ಹೊಳಿತೈತಿ!"

ಎರಡು ತುದಿಗಳನ್ನಷ್ಟೇ ಉಜ್ಜಬೇಕು, ದಡ್ಡ! ನಡುವಿನ ತಂತಿಯ ಮೇಲಿನ ವಾರ್ನಿಶ್ ಲೇಪ ಹೋದರೆ ಸುತ್ತಿಗೆ ಸುತ್ತು ತಾಗುತ್ತದೆ. ಆಗ ಕರೆಂಟೂ ಅವನಂತೆಯೇ ಅಡ್ಡದಾರಿ ಹಿಡಿಯುತ್ತದೆ. ಮೊಳೆ ಬರೀ ಮೊಳೆಯಾಗಿಯೇ ಉಳಿಯುತ್ತದೆ.

ನಾನು ಹೇಳಲಿಲ್ಲ. "ಭಾಳ ಚಂದ ಆಗೇತಿ" ಎಂದೆ.

ನಾಳೆ ಪ್ರದರ್ಶನದಲ್ಲಿ ಎಲ್ಲರೆದುರು ಸ್ವಿಚ್ ಒತ್ತಲಿ. ಎತ್ತಿ ತೋರಿಸಲೆಂದು ಡಬ್ಬಿ ತುಂಬ ಗುಂಡುಸೂಜಿ ನಾನೇ ಕೊಟ್ಟಿದ್ದೇನೆ.