ವಾಪಸ್ಸಿನ ದಾರಿಗೆ ನೀವು ಬರೆಯದ ಒಂದು ಸಾಲು

ಮರಸಂದ್ರ,
ಪೈಪು ಒಡೆದ ಮೇಲಿನ ನೂರ ಎಂಬತ್ತನೇ ವರ್ಷ, ಎರಡನೇ ಶ್ರಾವಣದ ಮೂವತ್ತೇಳನೇ ದಿನ

ಭಾನುವಾರದ ನಡಿಗೆ ಬಳಗದ ವಿರೂಪಾಕ್ಷ ಅವರಿಗೆ ಮರಸಂದ್ರದ ಮುದ್ದೀರಮ್ಮ ಬರೆಯುವುದು.

ತಿಂಗಳಲ್ಲಿ ಮೂವತ್ತೇಳನೇ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ನಮ್ಮ ತಿಂಗಳು ಚಂದ್ರನನ್ನು ಕೇಳಿ ನಡೆಯುವುದಿಲ್ಲ. ಒಮ್ಮೆ ನೀರು ಬಿಟ್ಟ ದಿನದಿಂದ ಇನ್ನೊಮ್ಮೆ ಬಿಡುವವರೆಗೆ ಒಂದು ತಿಂಗಳು. ಈ ಸಲ ಇನ್ನೂ ಬಿಟ್ಟಿಲ್ಲ. ನನ್ನ ಮಾತುಗಳಲ್ಲಿ ನಿಮಗೆ ವಿಚಿತ್ರವಾಗಿ ಕಾಣುವಂಥವು ಇನ್ನೂ ಇರಬಹುದು, ಅದಕ್ಕೆ ಕ್ಷಮೆ ಇರಲಿ. ನನ್ನ ಕೋಪ ಅರ್ಥವಾದರೆ ಅಷ್ಟು ಸಾಕು. ಯಾರೂ ನಡೆದು ನೋಡದ ದಾರಿಗೆ ಹೊರಡುವ ಮುನ್ನ, ಆ ದಾರಿಯನ್ನು ಮೊಟ್ಟಮೊದಲು ಗುರುತಿಸಿದವರಿಗೆ ಒಂದು ಕಾಗದ ಬರೆದು ಊರಬಾಗಿಲ ಕಲ್ಲಿನಡಿ ಇಟ್ಟು ಹೋಗುವುದು ನಮ್ಮ ಪದ್ಧತಿ. ಅದು ನಿಮ್ಮ ಕೈ ಸೇರುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಉಳಿದವರೆಲ್ಲ ವಂದನೆ ಬರೆದು ಹೋಗುತ್ತಾರೆ. ನಾನು ಬೈಯುವುದಕ್ಕೆ ಕುಳಿತಿದ್ದೇನೆ.

ನಿಮ್ಮ ಕಾಲದಲ್ಲಿ ಮರಸಂದ್ರದಿಂದ ಹುಲಿಕುಂಟೆಗೆ ಹೋಗುವುದೆಂದರೆ ರಜೆಯ ಬೆಳಿಗ್ಗೆ ಕಾಲಾಡಿಸಿ ಬರುವುದಾಗಿತ್ತಂತೆ. ದೊಡ್ಡ ನಗರದ ಅಂಚಿಗೆ ಅಂಟಿಕೊಂಡ ಊರುಗಳ ನಡುವೆ ಕಾಲುದಾರಿ ಹುಡುಕಿ, ನಕ್ಷೆ ಬರೆದು, ನೆರಳು ಎಲ್ಲಿದೆ, ಎಲ್ಲಿ ನಾಯಿ ಬೊಗಳುತ್ತದೆ, ಎಲ್ಲಿ ತಿಂಡಿ ಚೆನ್ನಾಗಿದೆ ಎಂದು ವಿಮರ್ಶೆ ಬರೆದು, ಮೇಲೆ ನಕ್ಷತ್ರ ಕೊಟ್ಟವರು ನೀವು. ಯಾರೂ ಸಂಬಳ ಕೊಡಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆ ನಕ್ಷೆಗಳಿಂದಲೇ ನಾವು ಬದುಕಿದ್ದೇವೆ. ನಗರ ಖಾಲಿಯಾಗಿ ತಲೆಮಾರುಗಳಾದವು. ಅದನ್ನು ಸುತ್ತುವ ದೊಡ್ಡ ರಸ್ತೆ ಈಗ ಗೇಟಿನವರದು. ನಿಮ್ಮ ಬಡಾವಣೆಗಳ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಕಾವಲುಗಾರರ ವಂಶ ಎನ್ನುತ್ತಾರೆ. ಈಗಲೂ ನೀಲಿ ಅಂಗಿ ತೊಡುತ್ತಾರೆ, ಕೊರಳಲ್ಲಿ ಸೀಟಿ ಇರುತ್ತದೆ. ಹೊಡೆಯುವ ಮುನ್ನ ಸೀಟಿ ಊದುತ್ತಾರೆ. ನೀರಿನ ಪೈಪು ಅವರ ಕೈಯಲ್ಲಿದೆ, ರಸ್ತೆಯೂ ಅವರ ಕೈಯಲ್ಲಿದೆ, ಅದರ ಮೇಲೆ ಕಾಲಿಟ್ಟವರನ್ನು ಕಬ್ಬಿಣದ ರಾಡಿನಿಂದ ಬಡಿದು ಕೊಲ್ಲುತ್ತಾರೆ. ಗುಂಡು ದುಬಾರಿಯಂತೆ. ಗುಂಪಿನಲ್ಲಿ ಒಬ್ಬರನ್ನು ಮಾತ್ರ ಕಾಲ್ಬೆರಳು ಕತ್ತರಿಸಿ ಊರಿಗೆ ಕಳಿಸುತ್ತಾರೆ, ಉಳಿದವರು ಕಲಿಯಲಿ ಎಂದು.

ಹಾಗಾಗಿ ನಾವು ರಸ್ತೆಯ ಅಡಿಯಲ್ಲಿ, ಗೋಡೆಯ ಹಿಂದೆ, ಪಾಳುಬಿದ್ದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಡೆಯುತ್ತೇವೆ. ಹೀಗೆ ನಡೆದು ದಾರಿ ಪರೀಕ್ಷಿಸುವವರನ್ನು ದಾರಿಮಂದಿ ಎನ್ನುತ್ತೇವೆ. ಮನಸ್ಸಿದ್ದವರು ಬರುತ್ತಾರೆ, ಬಲವಂತವಿಲ್ಲ. ನಾನೂ ದಾರಿಮಂದಿಯವಳು, ನನ್ನ ತಂಗಿ ಬೋರಮ್ಮನೂ ಆಗಿದ್ದಳು. ನಡೆದು ಬಂದವರು ಕಾಲು ತೊಳೆಯುವಂತಿಲ್ಲ. ಊರಬಾಗಿಲ ಕಲ್ಲು ಹತ್ತಿ, ಆ ದಾರಿಯ ಧೂಳು, ಕೆಸರು, ಮುಳ್ಳು ಕಾಲಲ್ಲಿ ಇರುವಾಗಲೇ ವಿಮರ್ಶೆ ಹೇಳಬೇಕು. ಕೊನೆಗೆ ನಕ್ಷತ್ರ ಹೇಳಬೇಕು. ಆಮೇಲೆ ಊರಿನ ಹೆಂಗಸರು ಕಾಲಿಗೆ ನೀರು ಹಾಕುತ್ತಾರೆ. ಕಾಲು ತೊಳೆದು ಬಂದವರ ಮಾತನ್ನು ಯಾರೂ ಕೇಳುವುದಿಲ್ಲ. ಅದರಷ್ಟೇ ಗಟ್ಟಿಯಾದ ಇನ್ನೊಂದು ಕಟ್ಟಳೆ ನಮ್ಮಲ್ಲಿದೆ. ಹೊರಟವರು ಹಿಂತಿರುಗಿ ನೋಡಬಾರದು. ನೋಡಿದವರ ವಿಮರ್ಶೆ ಮೈಲಿಗೆ. ಇದನ್ನು ನಮಗೆ ಕಲಿಸಿದವರು ಯಾರು ಗೊತ್ತೇ? ನೀವೇ.

ಹುಲಿಕುಂಟೆಯ ದಾರಿಗೆ ನೀವು ಬರೆದದ್ದನ್ನು ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಬಾಯಿಪಾಠ ಒಪ್ಪಿಸುತ್ತಾರೆ. ಹೆದ್ದಾರಿ ದಾಟುವ ತಾಪತ್ರಯ ಬೇಡ, ಅದರ ಅಡಿಯ ರಾಜಕಾಲುವೆಗೆ ಇಳಿಯಿರಿ, ಮಳೆಯಿಲ್ಲದ ದಿನ ಒಣಗಿರುತ್ತದೆ, ಮೂಗು ಮುಚ್ಚಿಕೊಂಡು ನೇರ ಹೋಗಿ. ಹಿಂತಿರುಗಿ ನೋಡುವ ಅಗತ್ಯವೇ ಇಲ್ಲದ ದಾರಿ. ಹುಲಿಕುಂಟೆಯಲ್ಲಿ ಬಿಸಿ ಇಡ್ಲಿ ತಿಂದು ಬಸ್ಸು ಹತ್ತಿದೆವು. ವಾಪಸ್ಸು ನಡೆಯುವವರಿಗೆ ಇದೇ ದಾರಿ, ತಿರುವುಮುರುವಾಗಿ. ನಾಲ್ಕು ನಕ್ಷತ್ರ. ಇದಿಷ್ಟೂ ನಿಮ್ಮದೇ ಮಾತು, ವಿರೂಪಾಕ್ಷ ಅವರೇ. ಲಹರಿಯಲ್ಲಿ ಬರೆದ ಒಂದು ಸಾಲನ್ನು ನಾವು ಶಾಸನ ಮಾಡಿಕೊಂಡೆವು. ಬಸ್ಸೆಂದರೆ ಏನೆಂದು ನಮಗೆ ಗೊತ್ತು, ಊರ ಹೊರಗೆ ಅದರ ಅಸ್ಥಿಪಂಜರವಿದೆ, ಕುರಿ ಕಟ್ಟುತ್ತೇವೆ. ಆದರೂ ಆ ಸಾಲು ಹೇಳುವಾಗ ಮಕ್ಕಳು ಇಡ್ಲಿಗೆ ಬಾಯಿ ಚಪ್ಪರಿಸುತ್ತಿದ್ದರು, ದೊಡ್ಡವರು ನಗುತ್ತಿದ್ದರು. ಹಾಗಾದರೆ ಈ ಮಹಾರಾಯ ವಾಪಸ್ಸು ನಡೆದೇ ಇಲ್ಲವಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆಯಬೇಕಾದ ಕಾಲವೂ ಬಂದಿರಲಿಲ್ಲ. ಹೋಗುವಾಗ ನಿಮ್ಮ ಕಾಲುವೆ, ಬರುವಾಗ ಕೆರೆಯಂಗಳದ ದಾರಿ, ಇದು ನಮ್ಮ ರೂಢಿ. ಈ ವರ್ಷ ಗೇಟಿನವರು ಕೆರೆಯಂಗಳಕ್ಕೆ ಕರೆಂಟು ತಂತಿ ಎಳೆದರು. ಮೊದಲು ಹೋದ ಗಂಡಹೆಂಡಿರು ತಂತಿಯನ್ನು ಹಿಡಿದಂತೆಯೇ ಸುಟ್ಟು ಕರಕಲಾದರು. ಬಿಡಿಸಲು ಹೋದವನೂ ಅಲ್ಲೇ ಅಂಟಿಕೊಂಡ. ಅಷ್ಟರಲ್ಲಿ ನಮ್ಮೂರಿಗೆ ಜ್ವರ ಬಿದ್ದಿತ್ತು. ಜ್ವರದ ಪುಡಿ ಕುಟ್ಟುವುದು ಹುಲಿಕುಂಟೆಯವರು ಮಾತ್ರ. ಪುಡಿ ತರಲು ಹೋದವರು ಇಬ್ಭಾಗವಾಗಿ ಮರಳಬೇಕೆಂದು ಮಾತಾಗಿತ್ತು. ಮೊದಲ ತಂಡಕ್ಕೆ ಬೋರಮ್ಮ ಮುಂದಾಳು. ವಾರ ಬಿಟ್ಟು ಅಲ್ಲಿಂದ ಹೊರಡುವ ಎರಡನೆಯ ತಂಡದಲ್ಲಿ ನನ್ನ ಮಗಳು ಗಂಗಿ ಇದ್ದಾಳೆ. ಬರುವುದಕ್ಕೂ ನಿಮ್ಮ ಕಾಲುವೆಯೇ ಗತಿ, ನಿಮ್ಮ ತಿರುವುಮುರುವೇ ಗತಿ.

ಬೋರಮ್ಮನವರು ನೀವು ಹೇಳಿದಂತೆ ನೇರ ಬಂದರು. ಕಾಲುವೆ ಅವರನ್ನು ಗೇಟಿನವರ ಊಟದ ಅಂಗಳಕ್ಕೆ ತಂದು ಬಿಟ್ಟಿತು. ಅನ್ನದ ತಟ್ಟೆ ಕೆಳಗಿಟ್ಟು ಸೀಟಿ ಊದಿದರಂತೆ. ಮುದುಕರನ್ನು ಮೊದಲು ಮೊಣಕಾಲಿಗೆ ಹೊಡೆದು ಕೆಡವಿದರು, ಆಮೇಲೆ ತಲೆಗೆ. ಪುಡಿಯ ಚೀಲ ಎದೆಗವಚಿಕೊಂಡಿದ್ದವಳ ಕೈಗಳನ್ನು ಚೀಲದ ಸಮೇತ ಜಜ್ಜಿದರು. ಬೋರಮ್ಮ ಒಬ್ಬನ ಕಿವಿ ಕಚ್ಚಿ ಕಿತ್ತಳು. ಅದಕ್ಕಾಗಿ ಅವಳನ್ನು ಗೇಟಿನ ಅಡ್ಡಗಂಬಕ್ಕೆ ಕೊರಳು ಬಿಗಿದು ಕಟ್ಟಿ, ವಾಹನಕ್ಕೆ ದಾರಿ ಬಿಡುವಂತೆ ಆ ಕಂಬವನ್ನು ಮೇಲೆತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕಂಬ ಏರಿಳಿಯುವುದು ನಮ್ಮ ಮಾಳಿಗೆಯಿಂದ ಕಾಣುತ್ತದೆ. ಅದರ ತುದಿಯಲ್ಲಿ ಏನೋ ಕೆಂಪು ಬಟ್ಟೆ ಆಡುತ್ತಿದೆ ಎಂದುಕೊಂಡು ನಾನು ಒಗೆದ ಬಟ್ಟೆ ಹರವುತ್ತಿದ್ದೆ. ನನ್ನ ತಂಗಿಯ ಸೀರೆ ನನಗೆ ಗುರುತು ಸಿಗಲಿಲ್ಲ.

ಬೆರಳು ಕತ್ತರಿಸಿ ಕಳಿಸಿದ್ದು ದಸ್ತಗೀರನನ್ನು. ದಾರಿಮಂದಿಯಲ್ಲೇ ಹಿರಿಯ, ಎಲ್ಲ ದಾರಿಗಳಿಗೂ ನಕ್ಷೆ ಬರೆಯುವವನು ಅವನೇ. ಎರಡೂ ಕಾಲಿನ ಬೆರಳಿಲ್ಲದೆ ಮೊಣಕೈ ಊರಿಕೊಂಡು ತೆವಳಿ ಬಂದ. ನಾವು ಅವನನ್ನು ಎತ್ತಿ ಒಳಗೆ ಮಲಗಿಸಲು ಹೋದರೆ ಒಪ್ಪಲಿಲ್ಲ. ಹೆಂಗಸರು ರಕ್ತ ತೊಳೆಯಲು ನೀರು ತಂದರೆ ಚೆಂಬನ್ನು ತಳ್ಳಿಬಿಟ್ಟ. ಕಲ್ಲಿನ ಮೇಲೆ ಕೂರಿಸಿರೆಂದು ಕೈಸನ್ನೆ ಮಾಡಿದ. ಕೂರಿಸಿದೆವು. ರಕ್ತ ಕಲ್ಲಿನ ಮೇಲಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಎಂದಿನ ಕ್ರಮದಲ್ಲಿ ದಾರಿಯ ಹೆಸರು ಹೇಳಿ, ನಡೆದವರ ಹೆಸರು ಹೇಳಿ, ವಿಮರ್ಶೆ ಹೇಳಿದ.

"ಹೋಗ್ತಾ ಕಾಲುವೆ ಒಂದೇ. ಬರ್ತಾ ಎರಡು ಬಾಯಿ ಅವೆ. ನೇರ ಇರೋದು ಗೇಟಿನೋರ ಅಂಗಳಕ್ಕೆ ಏಳ್ತದೆ. ಎಡಗಡೆ ಇನ್ನೊಂದದೆ, ಅದು ನಮ್ಮದಿರ್ಬೇಕು. ನಕ್ಷತ್ರ ಇಲ್ಲ."

ಆಗ ನಮಗೆ ತಿಳಿಯಿತು. ನಮ್ಮೂರ ಕಾಲುವೆ ರಸ್ತೆಯಡಿಯಲ್ಲಿ ಸ್ವಲ್ಪ ಬಾಗಿ ಇನ್ನೊಂದು ಕಾಲುವೆಗೆ ಸೇರುತ್ತದೆ. ಹೋಗುವವರಿಗೆ ಆ ಇನ್ನೊಂದು ಬೆನ್ನ ಹಿಂದಿನಿಂದ ಬಂದು ಕೂಡುವುದರಿಂದ ಕಾಣುವುದೇ ಇಲ್ಲ. ಬರುವವರಿಗೆ ಅದೇ ಜಾಗ ಕವಲು. ನೀವು ಅಲ್ಲಿ ಒಮ್ಮೆ ಕತ್ತು ಹೊರಳಿಸಿದ್ದರೆ ಕಾಣುತ್ತಿತ್ತು. ನಿಮ್ಮ ನಂತರ ಎಷ್ಟೋ ತಲೆಮಾರು ಆ ಜಾಗ ದಾಟಿದವು. ನಿಮ್ಮ ಮಾತಿಗೆ ಬೆಲೆ ಕೊಟ್ಟು ಒಬ್ಬರೂ ಹೊರಳಿ ನೋಡಲಿಲ್ಲ.

ಆ ಮಧ್ಯಾಹ್ನ ಊರು ಸುಮ್ಮನಿರಲಿಲ್ಲ. ಪೈಪಿನ ಕಾವಲಿಗೆ ಒಂಟಿಯಾಗಿ ನಿಂತಿದ್ದ ಗೇಟಿನವನೊಬ್ಬನನ್ನು ಹಿಡಿದು ಎಳೆದು ತಂದೆವು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಮುಂದಿನ ಹಲ್ಲು ಹುಳುಕು. ಅವನ ಸೀಟಿಯನ್ನೇ ಅವನ ಬಾಯಿಗೆ ತುರುಕಿದೆವು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಡವಿ ಬಡಿದೆವು. ನಾನೂ ಬಡಿದೆ, ಕೈ ಸೋಲುವವರೆಗೂ ಬಡಿದೆ. ಸಾಯುವವರೆಗೂ ಪ್ರತಿ ಉಸಿರಿಗೆ ಆ ಸೀಟಿ ಸಣ್ಣಗೆ ಕೂಗುತ್ತಿತ್ತು. ಸಮಾಧಾನವೇನೂ ಆಗಲಿಲ್ಲ. ಅವನ ರಾಡು ನನ್ನ ಪಾಲಿಗೆ ಬಂತು.

ಮಾರನೆಯ ದಿನ ಸಭೆ ಸೇರಿತು. ಗಂಗಿಯವರಿಗೆ ಇದೊಂದೂ ಗೊತ್ತಿಲ್ಲ. ನಾಳಿದ್ದು ಅವರೂ ನೇರ ಬರುತ್ತಾರೆ. ಅದಕ್ಕೆ ಮೊದಲು ಹುಲಿಕುಂಟೆ ಮುಟ್ಟಿ ಅವರನ್ನು ಎಡಗಡೆಯ ಬಾಯಿಂದ ಕರೆತರಬೇಕು. ನಾನು ಹೋಗುತ್ತೇನೆಂದೆ. ಹೋಗುವಾಗಲೇ ಹೆಜ್ಜೆ ಹೆಜ್ಜೆಗೂ ತಿರುಗಿ ನೋಡುತ್ತೇನೆ, ನಮ್ಮ ಕಾಲುವೆಯ ಬಾಯಿಗೆ ಗುರುತು ಕಟ್ಟುತ್ತೇನೆ ಎಂದೆ. ಊರಬಾಗಿಲ ಕಲ್ಲಿನ ಯಜಮಾನ ಮಾದಪ್ಪನಿಗೆ ಮೈಯೆಲ್ಲ ಉರಿಯಿತು. ತಿರುಗಿ ನೋಡಿದವಳ ಮಾತನ್ನು ಈ ಕಲ್ಲಿನ ಮೇಲೆ ಹೇಳಗೊಡುವುದಿಲ್ಲ, ಅವಳ ಹಿಂದೆ ಬಂದವರನ್ನೂ ಒಳಗೆ ಬಿಡುವುದಿಲ್ಲ ಎಂದ. ಅವನೂ ಕೆಟ್ಟವನಲ್ಲ. ಅವನ ಅಣ್ಣ ಹಿಂದೊಮ್ಮೆ ತಿರುಗಿ ನೋಡಿದ ದಿನವೇ ಸತ್ತಿದ್ದ. ಸಭೆ ಅವನ ಕಡೆಗೇ ವಾಲಿತ್ತು. ಆಗ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ದಸ್ತಗೀರ ಹೊದಿಕೆ ಸರಿಸಿ ಎರಡೂ ಕಾಲು ಹೊರಗೆ ಚಾಚಿದ.

"ನಾವ್ಯಾರೂ ತಿರುಗಿ ನೋಡಿರ್ಲಿಲ್ಲ, ಮಾದಪ್ಪ," ಎಂದ. "ಏನುಳೀತು ನೋಡು."

ಮಾದಪ್ಪ ನೋಡಿದ. ಆಮೇಲೆ ಎದ್ದು ಹೊರಗೆ ಹೋದ. ಹೋಗುವಾಗ ಬೇಡ ಎನ್ನಲಿಲ್ಲ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಬೋರಮ್ಮನ ಇನ್ನೊಂದು ಸೀರೆ ಹಳದಿ, ಅದನ್ನು ಸೀಳಿ ಪಟ್ಟಿ ಮಾಡಿಕೊಂಡಿದ್ದೇನೆ. ನಮ್ಮ ಕಾಲುವೆಯ ಬಾಯಿಂದ ಊರಿನವರೆಗೂ ಕೈಗೆ ಸಿಗುವಂತೆ ಕಟ್ಟುತ್ತೇನೆ. ಗಂಗಿಗೆ ಕತ್ತಲೆಂದರೆ ಚಿಕ್ಕಂದಿನಿಂದಲೂ ಭಯ, ಚಿಕ್ಕಮ್ಮನ ಸೀರೆ ಹಿಡಿದೇ ಓಡಾಡುತ್ತಿದ್ದಳು. ಇನ್ನೊಂದು ಮಾತನ್ನು ಸಭೆಯಲ್ಲಿ ಹೇಳಲಿಲ್ಲ, ದಸ್ತಗೀರನಿಗೆ ಮಾತ್ರ ಹೇಳಿದ್ದೇನೆ. ಜನ ಕಾಲುವೆಯಿಂದ ಬರುತ್ತಾರೆಂದು ಗೇಟಿನವರಿಗೆ ಈಗ ಗೊತ್ತಾಗಿದೆ. ನೇರದ ಬಾಯೊಳಗೆ ಆಳು ಇಟ್ಟಿರುತ್ತಾರೆ. ಅದು ಇಕ್ಕಟ್ಟು, ಒಬ್ಬೊಬ್ಬರೇ ನುಗ್ಗಬೇಕು. ನಮ್ಮವರು ಎಡಕ್ಕೆ ಹೊರಳುವಷ್ಟು ಹೊತ್ತು ಆ ಬಾಯಿಗೆ ಅಡ್ಡ ನಿಲ್ಲಲು ಒಬ್ಬಳು, ಒಂದು ರಾಡು ಸಾಕು. ಮೊದಲು ಬಂದವನ ಮುಖಕ್ಕೇ ಹೊಡೆಯುತ್ತೇನೆ. ಅವನು ಬಿದ್ದರೆ ಹಿಂದಿನವನಿಗೆ ದಾರಿಯಿಲ್ಲ. ಎಷ್ಟು ಹೊತ್ತು ತಡೆಯುತ್ತೇನೋ ಗೊತ್ತಿಲ್ಲ. ಹೆದರಿಕೆ ಆಗುತ್ತಿದೆ, ಸುಳ್ಳು ಹೇಳುವುದಿಲ್ಲ. ಕಲ್ಲು ಹತ್ತಿ ವಿಮರ್ಶೆ ಹೇಳುವವಳು ಗಂಗಿ. ಕೆಸರುಗಾಲಲ್ಲೇ ಹೇಳಲಿ, ಎಷ್ಟು ನಕ್ಷತ್ರ ಬೇಕೋ ಅಷ್ಟು ಕೊಡಲಿ.

ಬೈದಾಯಿತು, ಇನ್ನು ಕೇಳಿಕೊಳ್ಳುವುದು. ನೀವು ಕೆಟ್ಟವರೆಂದು ನಾನು ತಿಳಿದಿಲ್ಲ. ಮೂಗು ಮುಚ್ಚಿಕೊಳ್ಳಿ ಎಂದು ಗುರುತಿಲ್ಲದವರಿಗೆ ಹೇಳಿ ಹೋದವರು ನೀವು, ಅಷ್ಟು ಅಕ್ಕರೆ ಯಾರಿಗಿರುತ್ತದೆ. ಬರುವ ಭಾನುವಾರವೂ ಇಡ್ಲಿ ತಿನ್ನಿ. ಬಸ್ಸು ಬಂದು ನಿಂತರೆ, ಕಾಲು ನೋಯುತ್ತಿದ್ದರೂ, ಅದನ್ನು ಹೋಗಲು ಬಿಡಿ. ನಡೆದು ವಾಪಸ್ಸು ಬನ್ನಿ. ರಸ್ತೆಯಡಿಯಲ್ಲಿ ಎರಡು ಬಾಯಿ ಕಾಣುವ ಕಡೆ ನಿಂತು, ಬರುವಾಗ ಎಡಕ್ಕೆ ಹೊರಳಿ ಎಂದು ಒಂದು ಸಾಲು ಸೇರಿಸಿ. ನೀವು ಅದನ್ನು ಬರೆದರೆ ನನ್ನ ಬೋರಮ್ಮ ಪುಡಿ ತೆಗೆದುಕೊಂಡು ಮನೆಗೆ ಬರುತ್ತಾಳೆ.

ಮುದ್ದೀರಮ್ಮ