ಒತ್ತಿದವರೆಲ್ಲ ಹೊರಗೆ ಬಂದಿದ್ದಾರೆ

ಜುಲೈ 4

ಎರಡನೇ ಪಿರಿಯಡ್. ಗಣಿತ. ಶೂನ್ಯ ಗಣ, ಅಂದರೆ ಒಳಗೆ ಏನೂ ಇಲ್ಲದ ಗುಂಪು. ಪ್ರತಿ ವರ್ಷ ಇಲ್ಲಿಗೆ ಬಂದಾಗಲೇ ಹುಡುಗಿಯರು ಆಕಳಿಸುತ್ತಾರೆ. ಬೋರ್ಡಿನ ಮೇಲೆ ಬರೆದೆ — 'ಈ ಕ್ಲಾಸಿನಲ್ಲಿರುವ ಎಲ್ಲಾ ಮೊಸಳೆಗಳೂ ಹೋಮ್‌ವರ್ಕ್ ಮಾಡಿವೆ.' ಸರಿಯೋ ತಪ್ಪೋ?

"ತಪ್ಪು ಮಿಸ್!"

"ಹಾಗಾದ್ರೆ ಹೋಮ್‌ವರ್ಕ್ ಮಾಡದೇ ಇರೋ ಒಂದು ಮೊಸಳೆ ತೋರಿಸಿ."

ಗೊಳ್ಳೆಂದು ನಗು. ಹಿಂದಿನ ಬೆಂಚಿನ ವಟವಟಮ್ಮ ಮಾತ್ರ ಬಿಡಲಿಲ್ಲ. "ಇದು ಮೋಸ ಮಿಸ್. ಒಂದೂ ಮಾಡಿಲ್ಲ ಅಂದ್ರೂ ಸರಿನೇ ಆಗುತ್ತಲ್ಲ?"

"ಆಗುತ್ತೆ. ಎರಡೂ ನಿಜ. ಇಲ್ಲದೇ ಇರೋದರ ಬಗ್ಗೆ ಏನು ಹೇಳಿದ್ರೂ ನಿಜ. ಮೊಸಳೆ ಇದೆ ಅಂತ ಕೇಳೋರು ಅಂದ್ಕೊಂಡಾಗಲೇ ಮೋಸ ಆಗೋದು."

ಒಳ್ಳೆ ಮಾತು. ನನಗೇ ಖುಷಿ.

ಸಂಜೆ ಆಸ್ಪತ್ರೆ. ತಮ್ಮನ ಬಲಗೈ ಕಟ್ಟು ಬಿಚ್ಚಿದರು. ಮೂರು ಬೆರಳಿಲ್ಲ. ಕೋಲ್ಡ್ ಸ್ಟೋರೇಜಿನೊಳಗೆ ಹೆಪ್ಪುಗಟ್ಟಿ ಕಪ್ಪಗಾಗಿದ್ದವು, ಕತ್ತರಿಸಲೇಬೇಕಿತ್ತು. ಗೊತ್ತಿದ್ದೂ ನೋಡಲಾಗಲಿಲ್ಲ. ಸ್ಪ್ಯಾನರ್ ಹಿಡಿದು ಬದುಕುವ ಮೆಕ್ಯಾನಿಕ್ಕಿನ ಕೈ ಅದು.

ಜುಲೈ 9

ವಿಚಾರಣೆ. ತಮ್ಮ ಸಿಕ್ಕಿಹಾಕಿಕೊಂಡ ಆ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲೇ, ಕಾರ್ಮಿಕ ಇಲಾಖೆಯ ಆಫೀಸರ್ ಮುಂದೆ. ತಮ್ಮನ ಪಕ್ಕ ನಾನು. ಎದುರಿಗೆ ಮ್ಯಾನೇಜರ್ — ಅಂದರೆ ನನ್ನ ಭಾವ, ನನ್ನ ಗಂಡನ ಸ್ವಂತ ಅಣ್ಣ. ತಮ್ಮನಿಗೆ ಅಲ್ಲಿ ಕೆಲಸ ಕೊಡಿಸಿದ್ದೂ ಅವರೇ.

ತಮ್ಮ ಹೇಳಿದ: "ಒಳಗೆ ಫ್ಯಾನ್ ರಿಪೇರಿ ಮಾಡ್ತಿದ್ದೆ ಸರ್. ಬಾಗಿಲು ಬಿದ್ದುಬಿಡ್ತು. ಒಳಗಡೆಯಿಂದ ತೆಗೆಯೋಕೆ ಹಿಡಿಯೇ ಇರಲಿಲ್ಲ. ಬಡಿದೆ, ಕೂಗಿದೆ. ಯಾರಿಗೂ ಕೇಳಿಸ್ಲಿಲ್ಲ."

ಆಫೀಸರ್ ಹೋಗಿ ನೋಡಿದರು. ಹಿಡಿ ಇದೆ! ಕೆಂಪು ಬಣ್ಣ, ಫಳಫಳ. ಇವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಹಾಕಿಸಿದ್ದು. ಅಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡರು.

ಭಾವನ ದನಿ ಬೆಣ್ಣೆ. "ಪಾಪ, ಗಾಬರಿಯಲ್ಲಿ ಹುಡುಗನಿಗೆ ಕಂಡಿಲ್ಲ ಸರ್. ಇಷ್ಟು ವರ್ಷದಲ್ಲಿ ಒಳಗಿನ ಹಿಡಿ ಒತ್ತಿದವರೆಲ್ಲ ಹೊರಗೆ ಬಂದಿದ್ದಾರೆ. ಒಬ್ಬರಿಗೂ ಅದು ಕೈಕೊಟ್ಟಿಲ್ಲ."

ಆಫೀಸರ್ ತಲೆಯಾಡಿಸಿದರು.

ಒತ್ತಿದವರೆಲ್ಲ! ಹಿಡಿಯೇ ಇಲ್ಲದ ಕಡೆ ಒತ್ತಿದವರು ಯಾರು? ಮೊಸಳೆ! ಐದು ದಿನದ ಹಿಂದೆ ನಾನೇ ನಗುತ್ತಾ ಪಾಠ ಮಾಡಿದ್ದೆ. ಕುರ್ಚಿಯ ಅಂಚು ಹಿಡಿದು ಕೂತಿದ್ದೆ, ಉಗುರು ಮುರಿಯಿತು.

ಹೊರಗೆ ಬಂದಾಗ ಭಾವ ಮೆಲ್ಲಗೆ: "ನೋಡಮ್ಮ, ಒಂದೇ ಒಂದು ಸುಳ್ಳು ಹೇಳಿಲ್ಲ ನಾನು."

ಜುಲೈ 10

ಇವರು: "ಮನೆ ವಿಷಯ. ಹೊಟ್ಟೆಗೆ ಹಾಕ್ಕೋ."

"ಹಾಕ್ಕೊಂಡಿದೀನಿ. ಅದೇ ಉರೀತಿರೋದು."

ಪಾತ್ರೆ ತೊಳೆಯುವಾಗ ಒಂದು ಲೋಟ ಬೇಕೆಂದೇ ಬೀಳಿಸಿದೆ.

ಜುಲೈ 16

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಸಿಕ್ಕಿತು. ಅವರದ್ದೇ ಕೋಲು.

ಜುಲೈ 19, ಭಾನುವಾರ

ಭಾವನ ಮನೆಯಲ್ಲಿ ಊಟ. ಎಲ್ಲರೂ ಇದ್ದರು. ಭಾವ ಇನ್ನೇನು ಮೊದಲ ತುತ್ತು ಎತ್ತಬೇಕು — ನಾನು ನೀರು ಬಡಿಸುತ್ತಾ, ಏನೂ ಅಲ್ಲವೆಂಬಂತೆ:

"ಭಾವ, ಆವತ್ತಿನ ಫೋಟೋ, ಅದೇ ಬಾಗಿಲಿನ ಒಳಗಡೆದು... ನನ್ನ ಹತ್ತಿರ ಎಷ್ಟಿದೆಯೋ ಅಷ್ಟನ್ನೂ ಬುಧವಾರ ಆಫೀಸರ್ ಕೈಗೆ ಕೊಟ್ಟುಬಿಡ್ತೀನಿ. ಒಂದನ್ನೂ ಇಟ್ಕೊಳ್ಳಲ್ಲ."

ತುತ್ತು ತಟ್ಟೆಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಫೋಟೋನಾ? ಯಾರು ತೆಗೆದಿದ್ದು?" ತಮ್ಮನ ಫೋನು ಅವನ ಜೊತೆ ಒಳಗೇ ಇತ್ತು. ಬಾಗಿಲು ಬೀಳುವ ಮೊದಲೇ ಚಾರ್ಜು ಮುಗಿದು ಸತ್ತಿತ್ತು. ಅದು ಭಾವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

"ಇನ್ನೊಂದು ಚೂರು ಅನ್ನ ಹಾಕ್ಲಾ ಭಾವ?"

ಇಷ್ಟು ರುಚಿಯಾಗಿ ಊಟ ಮಾಡಿ ಎಷ್ಟು ದಿನವಾಗಿತ್ತೋ.

ಜುಲೈ 21

ಭಾವ ತಾವಾಗಿಯೇ ಆಫೀಸರ್ ಹತ್ತಿರ ಓಡಿದ್ದಾರೆ! ನಾನು ಮುಟ್ಟುವ ಮೊದಲು ತಾವೇ ಮುಟ್ಟಬೇಕೆಂಬ ಆತುರ. "ಹಿಡಿ ಇರಲಿಲ್ಲ ನಿಜ ಸರ್, ಬೇಕು ಅಂತ ನಾನು ಕೇಳ್ತಾನೇ ಇದ್ದೆ, ಮಾಲೀಕರು ಹಾಕಿಸ್ಲಿಲ್ಲ" ಅಂದರಂತೆ. ಮಾಲೀಕರನ್ನು ಕರೆಸಿದರು. ಅವರು ತಪ್ಪನ್ನೆಲ್ಲ ಭಾವನ ತಲೆಗೆ ಕಟ್ಟಿ, ಅಲ್ಲೇ ಕೆಲಸದಿಂದ ಕಿತ್ತುಹಾಕಿದರು. ಇಬ್ಬರ ಮೇಲೂ ಕೇಸು.

ಜುಲೈ 22

ಆಫೀಸರ್ ಕರೆದರು. "ಫೋಟೋಗಳನ್ನ ಕೊಡಿ ಮೇಡಂ."

"ಇದ್ದಷ್ಟೂ ಕೊಟ್ಟಾಯ್ತು ಸರ್."

ನನ್ನ ಬರಿ ಅಂಗೈ ನೋಡಿದರು. ಸ್ವಲ್ಪ ಹೊತ್ತು ಬೇಕಾಯಿತು ಅವರಿಗೆ. ಆಮೇಲೆ ತಲೆ ತಗ್ಗಿಸಿ ಫೈಲ್ ತಿರುವತೊಡಗಿದರು. ನಕ್ಕರೋ ಇಲ್ಲವೋ ಕಾಣಲಿಲ್ಲ.

ದಾರಿಯುದ್ದಕ್ಕೂ ನಾನು ನಕ್ಕೆ. ಬಸ್ಸಿನಲ್ಲಿ ಜನ ನೋಡುತ್ತಿದ್ದರು. ನೋಡಲಿ.

ಆಗಸ್ಟ್ 2

ಓರಗಿತ್ತಿ ಬಂದಿದ್ದಳು. ಕೂರು ಅಂದರೂ ಕೂರಲಿಲ್ಲ. "ಫೋಟೋ ಇರಲಿಲ್ವಂತೆ?"

"ಇರಲಿಲ್ಲ ಅಕ್ಕ."

"ಮತ್ತೆ ಸುಳ್ಳು ಹೇಳಿದ್ಯಾ?"

"ಒಂದೇ ಒಂದು ಸುಳ್ಳು ಹೇಳಿಲ್ಲ."

ನನ್ನನ್ನೇ ನೋಡಿದಳು. "ವಿಚಾರಣೆ ದಿನ ಇವರೂ ಮನೆಗೆ ಬಂದು ಇದನ್ನೇ ಅಂದ್ರು. ಇದೇ ಮಾತು. ಇದೇ ಮುಖ."

ಹೊರಟುಹೋದಳು. ಬಾಗಿಲು ಹಾಕಿಕೊಂಡು ಕನ್ನಡಿ ನೋಡಿಕೊಂಡೆ. ಯಾವ ಮುಖ?... ಇರಲಿ. ಭಾವನ ಹತ್ತೂ ಬೆರಳು ನೆಟ್ಟಗಿವೆ.

ಆಗಸ್ಟ್ 11

ತಮ್ಮ ನಮ್ಮ ಮನೆಗೇ ಬಂದಿದ್ದಾನೆ. "ಮ್ಯಾನೇಜರ್ ಪಾಪ ಅನ್ಸಲ್ವಾ ಅಕ್ಕ?" ಅಂದ. ಅನ್ನಿಸಲ್ಲ ಅಂದೆ. ನಿಜವಾಗಿಯೂ ಅನ್ನಿಸುತ್ತಿಲ್ಲ.

ಶರ್ಟಿನ ಗುಂಡಿ ಹಾಕಲು ಹೋದೆ. ಕೈ ತಳ್ಳಿದ. "ನಾನೇ ಹಾಕ್ಕೋತೀನಿ ಬಿಡು." ಮೊದಲನೆಯದು ಆಯಿತು. ಎರಡನೆಯದು ಜಾರಿತು, ಮತ್ತೆ ಜಾರಿತು. ಇವರು ಬಾಗಿಲಲ್ಲಿ ನಿಂತಿದ್ದರು. ಇಷ್ಟು ದಿನ ಆ ಕೈಯನ್ನು ಬಿಟ್ಟು ಮನೆಯ ಬೇರೆಲ್ಲ ನೋಡಿದವರು. ಈಗ ಒಳಗೆ ಬಂದು ಅವನೆದುರು ಕೂತರು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಮ್ಮಣ್ಣ..." ಅಂದರು. ಮಾತನ್ನು ಅಲ್ಲಿಗೇ ಬಿಟ್ಟು, ಜಾರಿದ ಆ ಗುಂಡಿಯನ್ನು ತಾವೇ ಹಾಕಿದರು.